ಅಕ್ಕನ ಮನೆಗೆ ಮಾಡಿದ ಪಂಜರ

ಕಾರು ಮಗುಚಿದಾಗ ನನಗೆ ಮೊದಲು ಕೇಳಿಸಿದ್ದು ಊಟದ ಡಬ್ಬಿಯ ಸದ್ದು. ಕಾಲ ಬಳಿ ಇಟ್ಟುಕೊಂಡಿದ್ದ ಸ್ಟೀಲ್ ಡಬ್ಬಿ ಮೇಲಕ್ಕೆ ಹೋಗಿ ಚಾವಣಿಗೆ ಬಡಿಯಿತು. ಆಮೇಲೆ ಗಾಜು, ಆಮೇಲೆ ತಗಡು. ಸುರಪುರದ ನನ್ನ ತವರಿನಿಂದ ಶಹಾಪುರದ ನಮ್ಮ ಮನೆಗೆ ಬರುತ್ತಿದ್ದೆವು. ಮಧ್ಯಾಹ್ನ ಮೂರರ ಸುಮಾರು. ನನ್ನ ಗಂಡ ಓಡಿಸುತ್ತಿದ್ದರು, ನಾನು ಎಡಗಡೆ ಕುಳಿತಿದ್ದೆ. ಮುಂದೆ ಹತ್ತಿ ತುಂಬಿದ ಟ್ರ್ಯಾಕ್ಟರ್ ಇತ್ತು. ಹೊರೆ ಎರಡೂ ಬದಿಗೆ ಚಾಚಿಕೊಂಡು ರಸ್ತೆಯ ಮುಕ್ಕಾಲು ಪಾಲು ಹಿಡಿದಿತ್ತು. ಅದು ಥಟ್ಟನೆ ನಿಂತಿತು. ಇವರು ಎಡಕ್ಕೆ ತಿರುಗಿಸಿದರು. ಡಾಂಬರು ಮುಗಿಯುವಲ್ಲಿ ಒಂದು ಗೇಣು ತಗ್ಗಿತ್ತು. ಎಡಗಡೆಯ ಎರಡೂ ಗಾಲಿಗಳು ಅದರಲ್ಲಿ ಇಳಿದವು, ಎರೆಮಣ್ಣಿನಲ್ಲಿ ಹೂತವು, ಕಾರು ನಿಧಾನವಾಗಿ ಹೊರಳಿತು. ನಿಧಾನವಾಗಿ ಎಂದೇ ಬರೆಯುತ್ತೇನೆ. ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದಾಗಲೂ ಹಾಗೇ ಹೇಳಿದೆ, ಅವರು ನನ್ನ ಮುಖ ನೋಡಿದರೇ ಹೊರತು ಬರೆದುಕೊಳ್ಳಲಿಲ್ಲ.

ಹತ್ತಿ ಬಿಡಿಸುತ್ತಿದ್ದ ಹೆಂಗಸರು ಓಡಿಬಂದರು. ಏಳೆಂಟು ಮಂದಿ ಒಂದೇ ಬದಿಗೆ ನಿಂತು, ಉಡಿಯಲ್ಲಿದ್ದ ಹತ್ತಿ ಚೆಲ್ಲುತ್ತಿದ್ದರೂ ಲೆಕ್ಕಿಸದೆ, ಕಾರನ್ನು ಎತ್ತಿ ಗಾಲಿಗಳ ಮೇಲೆ ನಿಲ್ಲಿಸಿದರು. ಒಬ್ಬಾಕೆ ಮಾತ್ರ ಕೂಗುತ್ತಲೇ ಇದ್ದಳು: "ಎಳೀಬ್ಯಾಡ್ರೇ, ಮೊದಲ ತಲಿ ಹಿಡೀರಿ, ತಲಿ!" ಆ ಹೆಣ್ಣುಮಗಳ ಹೆಸರು ನಾನು ಕೇಳಲಿಲ್ಲ. ಕೇಳಬೇಕಿತ್ತು.

ನನ್ನ ಹೆಗಲ ಮುಂದಿನ ಎಲುಬು ಮುರಿದಿತ್ತು. ನಮ್ಮವರ ಕುತ್ತಿಗೆಯ ಎರಡು ಎಲುಬುಗಳಲ್ಲಿ ಬಿರುಕು ಬಿಟ್ಟಿತ್ತು. ಬಲಗಡೆಯ ಚಾವಣಿ ಕುಸಿದು ಅವರ ಸೀಟಿನ ಬೆನ್ನಿನ ಮಟ್ಟಕ್ಕೆ ಬಂದಿತ್ತು. ಅವರ ತಲೆ ಇರಬೇಕಾಗಿದ್ದ ಜಾಗದಲ್ಲಿ ತಗಡು ಇತ್ತು. ಅವರು ನನ್ನ ಕಡೆಗೆ ಬಿದ್ದಿದ್ದರಿಂದ ಉಳಿದರು. ಅದು ಬಹಳ ಹಳೆಯ ಮಾದರಿಯ ಸಣ್ಣ ಕಾರು, ದುಂಡು ದೀಪ, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಹೆಗಲಿಗೆ ಹಾಕುವ ಬೆಲ್ಟ್ ಅದರಲ್ಲಿ ಇರಲೇ ಇಲ್ಲ.

ನಾನು ಶಹಾಪುರದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ದಿನವೂ ಸೂಕ್ಷ್ಮದರ್ಶಕದ ಮುಂದೆ ಕುಳಿತು ಕಂಡದ್ದನ್ನು ಕಂಡಷ್ಟೇ ಬರೆಯುವುದು ನನ್ನ ಕೆಲಸ. ನಮ್ಮವರದು ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ. ಆ ಕಾರನ್ನು ಅವರು ಯಾದಗಿರಿಯ ಒಬ್ಬ ಮುದಿ ಡಾಕ್ಟರರಿಂದ ತಂದು, ಬಿಡುವಾದಾಗಲೆಲ್ಲ ಬಿಚ್ಚಿ ಜೋಡಿಸಿ, ಮೂರು ವರ್ಷಕ್ಕೆ ರಸ್ತೆಗೆ ತಂದಿದ್ದರು. ಅಪಘಾತವಾದ ಮೇಲೆ ಅದು ಗುಜರಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡೇ ಅವರು ಅದನ್ನು ಅಂಗಡಿಯ ಹಿಂದಿನ ಶೆಡ್ಡಿಗೆ ಎಳೆಸಿಕೊಂಡು ಬಂದು ತಾಡಪತ್ರಿ ಹೊದಿಸಿದರು. ಪಟ್ಟಿ ಬಿಚ್ಚಿದ ಮೇಲೆ ತಾಡಪತ್ರಿಯನ್ನೂ ಬಿಚ್ಚಿದರು. ಒಂದೂವರೆ ವರ್ಷದಲ್ಲಿ ಚಾವಣಿ ಮತ್ತೆ ಚಾವಣಿಯಾಯಿತು.

ಒಂದು ಸಂಜೆ ರೊಟ್ಟಿ ತಿನ್ನುತ್ತ ಹೇಳಿದರು. ಕಡೇಚೂರಿನ ಕಡೆ, ಕಾರ್ಖಾನೆಗಳ ಆಚೆ ಖಾಲಿ ಬಿದ್ದಿರುವ ಜಾಗದಲ್ಲಿ ಹಳೇ ಕಾರಿನವರ ಗುಂಪೊಂದು ಮಣ್ಣಿನ ಟ್ರ್ಯಾಕ್ ಮಾಡಿದೆಯಂತೆ.

"ಒಂದೊಂದ ಗಾಡಿ ಬಿಡ್ತಾರ. ಒಬ್ಬರಿಗೊಬ್ರು ಅಡ್ಡ ಬರಂಗಿಲ್ಲ. ಹೊತ್ತು ನೋಡ್ತಾರ, ಅಷ್ಟ."

"ನಿಮ್ಮ ಕುತ್ತಿಗಿ ಇನ್ನೂ ನೆಟ್ಟಗ ಹೊಳ್ಳವಲ್ದು, ಕಾರು ಹೊಳ್ಳಿಸಾಕ ಹೊಂಟೀರಿ" ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಬೇಡ ಎಂದರೆ ಬಿಡುತ್ತಿದ್ದರು, ಅದು ನನಗೆ ಗೊತ್ತಿತ್ತು. ಬಿಟ್ಟು, ಶೆಡ್ಡಿಗೆ ಹೋಗಿ ಸುಮ್ಮನೆ ಆ ಕಾರಿನ ಪಕ್ಕ ಕುಳಿತುಕೊಳ್ಳುತ್ತಿದ್ದರು, ಅದೂ ಗೊತ್ತಿತ್ತು. ಎರಡನ್ನೂ ತೂಗುವಷ್ಟು ಶಕ್ತಿ ಅಂದು ನನ್ನಲ್ಲಿ ಇರಲಿಲ್ಲ. ಒಂದೇ ಮಾತು ಹೇಳಿದೆ: "ಚಾವಣಿ ನಿಮ್ಮ ತಲಿ ಮ್ಯಾಲ ಬರಬಾರದು. ಅಷ್ಟು ಗ್ಯಾರಂಟಿ ಮಾಡ್ರಿ, ಆಮ್ಯಾಲ ಹೋಗ್ರಿ."

ಆ ಗುಂಪಿನವರ ನಿಯಮವೂ ಅದೇ ಆಗಿತ್ತು. ಕಾರಿನ ಒಳಗೆ ದಪ್ಪ ಪೈಪಿನ ಪಂಜರ ಇರಬೇಕು, ಮಗುಚಿದರೆ ಭಾರ ಅದರ ಮೇಲೆ ಬೀಳಬೇಕು. ಎರಡೂ ಹೆಗಲ ಮೇಲಿಂದ ಬಂದು ಸೊಂಟದ ಪಟ್ಟಿಗೆ ಸೇರುವ ನಾಲ್ಕು ತುದಿಯ ಬೆಲ್ಟ್ ಇರಬೇಕು.

"ಪಂಜರ ಯಾರು ಮಾಡ್ತಾರ?" ಎಂದೆ.

"ಅಳಿಯ ಅದಾನಲ್ಲ" ಎಂದರು, ನನ್ನ ತಮ್ಮನನ್ನು ಕುರಿತು.

ನನ್ನ ತಮ್ಮನದು ಸುರಪುರದಲ್ಲಿ ವೆಲ್ಡಿಂಗ್ ಅಂಗಡಿ. ಮನೆಯ ಗೇಟು, ಕಿಟಕಿಯ ಸರಳು, ಟ್ರ್ಯಾಕ್ಟರಿನ ಟ್ರೇಲರ್ ಮಾಡುತ್ತಾನೆ. ನಲವತ್ತರ ಗಂಡಸು, ಮಾತು ಜೋರು, ಕೈ ಸಮಾಧಾನದ್ದು. ಅವನ ಗೇಟಿನಲ್ಲಿ ಎಲ್ಲಿ ಕೂಡಿಸಿದ್ದಾನೆ ಎಂದು ಹುಡುಕಿದರೂ ಸಿಗುವುದಿಲ್ಲ, ಅದರಿಂದಲೇ ಅವನಿಗೆ ಹೆಸರು. ವೆಲ್ಡಿಂಗಿನ ಉಬ್ಬನ್ನೆಲ್ಲ ಗ್ರೈಂಡರ್‌ನಿಂದ ತಿಕ್ಕಿ, ಪುಟ್ಟಿ ತುಂಬಿ, ಮತ್ತೆ ತಿಕ್ಕಿ ಬಣ್ಣ ಹೊಡೆಯುತ್ತಾನೆ. ಗಿರಾಕಿಯ ಮನೆಗಾದರೆ ಇಷ್ಟು. ಅಕ್ಕನ ಮನೆಗೆ ಹೋಗುವುದಾದರೆ ಇದರ ಎರಡರಷ್ಟು. ನಮ್ಮ ಮನೆಯ ಗೇಟು, ಪಡಸಾಲೆಯ ಜೋಕಾಲಿಯ ಚೌಕಟ್ಟು, ನೀರಿನ ಕೊಡ ಇಡುವ ಸ್ಟ್ಯಾಂಡು, ಎಲ್ಲ ಅವನೇ ಮಾಡಿಕೊಟ್ಟದ್ದು. ತವರಿನಿಂದ ಬಂದ ವಸ್ತುವಿನ ಮೇಲೆ ಬೀಗರ ಕೈ ಆಡುತ್ತದೆ, ಕೈಗೆ ಒರಟು ತಾಕಬಾರದು ಎಂಬುದು ನಮ್ಮವ್ವ ಅವನಿಗೆ ಕಲಿಸಿದ ಪಾಠ. ಅವಳು ಕುಬಸದ ಹೊಲಿಗೆಯ ಬಗ್ಗೆ ಹೇಳುತ್ತಿದ್ದಳು, ಅವನು ಕಬ್ಬಿಣಕ್ಕೆ ಹಚ್ಚಿಕೊಂಡ.

ಕಾರನ್ನು ಸುರಪುರಕ್ಕೆ ಸಾಗಿಸಿದೆವು. ಮುಂದಿನ ಎರಡು ತಿಂಗಳ ಭಾನುವಾರಗಳೆಲ್ಲ ಅಲ್ಲೇ ಕಳೆದವು. ಅವರಿಬ್ಬರೂ ಅಳೆಯುತ್ತಿದ್ದರು, ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಸೀಟು, ನೆಲಹಾಸು, ಬಾಗಿಲ ರೆಕ್ಸಿನ್ ಎಲ್ಲ ತೆಗೆದ ಮೇಲೆ ಕಾರು ಎಷ್ಟು ಚಿಕ್ಕದು ಎಂದು ಗೊತ್ತಾಯಿತು. ನೆಲದ ತಗಡು ತುಕ್ಕು ಹಿಡಿದು ಹಪ್ಪಳದಂತಾಗಿತ್ತು. ತಮ್ಮ ಸ್ಕ್ರೂಡ್ರೈವರ್ ಒತ್ತಿದರೆ ಆಚೆ ಬದಿಗೆ ಹೋಯಿತು.

"ಮಾವಾ, ಇದರ ಮ್ಯಾಲ ಕುಂತು ಇಷ್ಟು ದಿನ ಓಡಿಸೀರಿ? ನಿಮ್ಮ ಧೈರ್ಯಕ್ಕ ಮೆಚ್ಚಬೇಕು."

"ಧೈರ್ಯ ನಂದಲ್ಲ, ಬಾಜೂಕ ಕುಂತಾಕಿದು" ಎಂದರು ನಮ್ಮವರು.

ತಮ್ಮನಿಗೆ ಬೋರ್‌ವೆಲ್ಲಿನ ಪೈಪ್ ಸಾಕು ಅನ್ನಿಸಿತ್ತು. ನಿಯಮದ ಹಾಳೆಯಲ್ಲಿ ಉದ್ದಕ್ಕೂ ಜೋಡಣೆಯ ಗೆರೆ ಇಲ್ಲದ ಪೈಪ್ ಎಂದಿತ್ತು, ಅದನ್ನು ಹೈದರಾಬಾದಿನಿಂದ ತರಿಸಿದರು. ಅವನು ಗೇಟಿನ ಕಮಾನಿಗೆ ಮಾಡುವಂತೆ ಒಳಗೆ ಉಸುಕು ತುಂಬಿ, ಕಾಯಿಸಿ ಬಗ್ಗಿಸಲು ಹೊರಟ. ಕಾಯಿಸದೆ ಬಗ್ಗಿಸಬೇಕು ಎಂದಿತ್ತು. ಕಡೇಚೂರಿನ ಒಂದು ವರ್ಕ್‌ಶಾಪಿನಲ್ಲಿ ಅಂಥ ಯಂತ್ರವಿತ್ತು, ಅಲ್ಲಿಗೆ ಒಯ್ದು ಬಗ್ಗಿಸಿ ತಂದ. ಸೀಟುಗಳ ಹಿಂದೆ ಒಂದು ದೊಡ್ಡ ಕಮಾನು, ಅದರಿಂದ ಮುಂದಿನ ಗಾಜಿನ ಎರಡೂ ಅಂಚಿಗೆ ಇಳಿಯುವ ಎರಡು ಕಾಲು, ಹಿಂದಕ್ಕೆ ಎರಡು ಕಾಲು, ಕಮಾನಿನ ನಡುವೆ ಓರೆಯಾಗಿ ಒಂದು ಪೈಪು.

ಕಷ್ಟವಾದದ್ದು ಮೇಲಿನ ಕೂಡುಗಳು, ಪೈಪಿಗೆ ಪೈಪು ಸೇರುವ ಜಾಗಗಳು. ಪೈಪು ಚಾವಣಿಗೆ ಅಂಟಿಕೊಂಡಂತೆ ಕೂರಬೇಕು, ಇಲ್ಲದಿದ್ದರೆ ತಲೆಗೆ ಬಡಿಯುತ್ತದೆ. ಅಂಟಿಕೊಂಡರೆ ಮೇಲ್ಬದಿಯಲ್ಲಿ ವೆಲ್ಡಿಂಗ್ ಮಾಡಲು ಕೈ ಹೋಗುವುದಿಲ್ಲ. ನಮ್ಮವರೇ ಒಂದು ಉಪಾಯ ಓದಿಕೊಂಡು ಬಂದಿದ್ದರು. ಹೇಗೂ ನೆಲ ಕೊಳೆತಿತ್ತು. ಕಾಲುಗಳು ಬರುವ ಜಾಗದಲ್ಲಿ ನೆಲಕ್ಕೆ ತೂತು ಕೊರೆದು, ಇಡೀ ಪಂಜರವನ್ನು ಒಂದು ಗೇಣು ಕೆಳಕ್ಕೆ ಇಳಿಸಿದರು. ಈಗ ಚಾವಣಿಗೂ ಪೈಪಿಗೂ ನಡುವೆ ಕೈ ಆಡುವಷ್ಟು ಜಾಗ ಸಿಕ್ಕಿತು. ನನ್ನ ತಮ್ಮ ಸೀಟಿಲ್ಲದ ಕಾರಿನಲ್ಲಿ ಬೆನ್ನ ಮೇಲೆ ಮಲಗಿ, ಕಿಡಿಗಳು ಎದೆಯ ಮೇಲೆ ಉದುರುತ್ತಿದ್ದಂತೆ, ಸುತ್ತಲೂ ವೆಲ್ಡ್ ಮಾಡಿದ. ಆಮೇಲೆ ಪಂಜರವನ್ನು ಮೇಲಕ್ಕೆತ್ತಿ, ತೂತುಗಳನ್ನು ದಪ್ಪ ಪ್ಲೇಟಿನಿಂದ ಮುಚ್ಚಿ, ಕಾಲುಗಳನ್ನು ಆ ಪ್ಲೇಟುಗಳ ಮೇಲೆ ನಿಲ್ಲಿಸಿದ.

ಆ ಭಾನುವಾರದ ಸಂಜೆ ನಾನು ಕಾರಿನೊಳಗೆ ಬಗ್ಗಿ, ಕಮಾನಿನ ಎಡ ಮೂಲೆಯ ಕೂಡಿನ ಮೇಲೆ ಬೆರಳಾಡಿಸಿದೆ. ಯಾಕೆ ಆಡಿಸಿದೆನೋ ಗೊತ್ತಿಲ್ಲ. ಗಟ್ಟಿ ಇದೆಯೇ ಎಂದು ಬೆರಳಿಗೆ ಏನು ತಿಳಿಯುತ್ತದೆ? ಉಬ್ಬಿನ ಒಂದು ಮೊನೆ ಬೆರಳ ತುದಿಗೆ ತಾಕಿತು.

"ಚುಚ್ತದಲ್ಲೋ ಇದು" ಎಂದೆ.

ತಮ್ಮ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದ. "ಇನ್ನೂ ಮುಗಿದಿಲ್ಲಕ್ಕಾ. ನಿನಗ ಚುಚ್ಚಂಗ ಬಿಡ್ತೀನೇನು?"

ನಾಲ್ಕು ದಿನ ಬಿಟ್ಟು ಫೋನ್ ಮಾಡಿದ. "ಎಲ್ಲಾ ಸಾಫ್ ಮಾಡಿ ಬಣ್ಣ ಹೊಡೀಲೇನು?" ನಾನು ಲ್ಯಾಬಿನಲ್ಲಿದ್ದೆ, ಮುಂದೆ ಜನ ನಿಂತಿದ್ದರು. "ಹ್ಞೂಂ, ಹೊಡಿ" ಎಂದು ಇಟ್ಟುಬಿಟ್ಟೆ. ಇದನ್ನು ಬರೆಯದೆ ಬಿಟ್ಟರೆ ಮುಂದಿನದೆಲ್ಲ ಸುಳ್ಳಾಗುತ್ತದೆ, ಅದಕ್ಕೆ ಬರೆದಿದ್ದೇನೆ.

ಮುಗಿದ ಪಂಜರ ಬೂದಿ ಬಣ್ಣದ್ದು. ಆರೂ ಪೈಪುಗಳು ಒಂದೇ ಗಿಡದಿಂದ ಕವಲೊಡೆದಂತೆ ಕಾಣುತ್ತಿದ್ದವು. ನಮ್ಮವ್ವ ಬಂದು ನೋಡಿ, ಸೆರಗಿನಿಂದ ಒಂದು ಕಡೆ ಒರೆಸಿ, "ಮಗ್ಗದಾಗ ನೇದಂಗ ಅದ" ಎಂದಳು. ತಮ್ಮ ಹಿಗ್ಗಿದ.

ಕಾರು ಓಡುವ ಮೊದಲು ಪ್ರತಿ ಪಂಜರವನ್ನೂ ಗುಂಪಿನವರು ಗೊತ್ತು ಮಾಡಿದ್ದ ಯಾದಗಿರಿಯ ಒಬ್ಬ ಹಿರಿಯರಿಗೆ ತೋರಿಸಬೇಕಿತ್ತು. ಅವರು ರೈಲ್ವೆಯಲ್ಲಿ ವೆಲ್ಡರ್ ಆಗಿದ್ದು ನಿವೃತ್ತರಾದವರು. ಸ್ಟೇಷನ್ ಹಿಂದಿನ ಓಣಿಯಲ್ಲಿ ಮನೆ, ಮನೆ ಮುಂದೆ ಬೇವಿನ ಗಿಡ. ಮಿನಿ ಲಾರಿಯಲ್ಲಿ ಕಾರು ಹೇರಿಕೊಂಡು ನಾವು ಮೂವರೂ ಹೋದೆವು. ಅವರು ಚಹಾ ಕುಡಿಸಿ, ಬಿಳಿ ಟೋಪಿ ಸರಿಮಾಡಿಕೊಂಡು, ಟಾರ್ಚ್ ಹಿಡಿದು ಕಾರಿನೊಳಗೆ ತಲೆ ಹಾಕಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

"ಭಾಳ ಚಂದ ಅದ" ಎಂದರು ಒಳಗಿನಿಂದಲೇ. "ಯಾವ ಮಿಸ್ತ್ರಿ ಮಾಡ್ಯಾನ?"

"ನಾನ ರೀ ಸಾಹೇಬ್ರ" ಎಂದ ತಮ್ಮ. "ಅಕ್ಕನ ಮನಿಗಿ ಹೋಗೋದು, ಅದಕ್ಕ ಸಾಫ್ ಮಾಡೀನಿ."

"ಸಾಫ್ ಮಾಡಿದ್ದು ಕಾಣ್ತದ. ವೆಲ್ಡಿಂಗ್ ಎಲ್ಲಿ ಅದ, ಅದನ್ನ ತೋರ್ಸು."

"ಒಳಗ ಅದ್ರಿ."

"ಒಳಗ ಏನದ ಅಂತ ನಂಗ್ಯಾಂಗ ಗೊತ್ತಾಗ್ಬೇಕು ಬೇಟಾ? ಮ್ಯಾಲ ಬಣ್ಣ ಅದ, ಬಣ್ಣದ ಕೆಳಗ ಪುಟ್ಟಿ ಅದ. ನೀ ಗೇಟ್ ಮಾಡಾಂವ ಹೌದಿಲ್ಲೋ?"

"ಹೌದ್ರಿ."

"ಗೇಟ್ ಮುರದ್ರ ಆಕಳ ಒಳಗ ಬರ್ತದ. ಇದು ಮುರದ್ರ?"

ಹಿರಿಯರು ಹೊರಬಂದು ಸೊಂಟ ಹಿಡಿದುಕೊಂಡು ನಿಂತರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ವೆಲ್ಡಿಂಗಿನ ಉಬ್ಬೇ ಕೂಡಿನ ಮಾಂಸ, ಅದನ್ನು ತಿಕ್ಕಿ ತೆಗೆದರೆ ಚರ್ಮ ಉಳಿಯುತ್ತದೆ ಎಂದು ನಮ್ಮವರಿಗೆ ಬಿಡಿಸಿ ಹೇಳಿದರು. ಆಮೇಲೆ, "ಒಂದು ಕೂಡು ಒತ್ತಿ ನೋಡ್ಲೇನು? ಮುರದ್ರ ನನಗ ಬೈಬಾರದು" ಎಂದರು.

ನಮ್ಮವರು ನನ್ನ ಕಡೆ ನೋಡಿದರು. "ನೋಡ್ರಿ" ಎಂದೆ ನಾನು.

ಅವರು ಒಳಗಿನಿಂದ ಒಂದು ಸಣ್ಣ ಜಾಕ್ ತರಿಸಿದರು. ಓರೆ ಪೈಪಿಗೂ ಕಮಾನಿಗೂ ನಡುವೆ ಅದನ್ನು ಅಡ್ಡಲಾಗಿ ಕೂರಿಸಿ, ಹಿಡಿಕೆಯನ್ನು ತಮ್ಮನ ಕೈಗೇ ಕೊಟ್ಟರು. ತಮ್ಮ ಒತ್ತಿದ. ಒಂದು, ಎರಡು, ಮೂರು. ಬಣ್ಣದ ಮೇಲೆ ಕೂದಲಿನಂಥ ಒಂದು ಗೆರೆ ಮೂಡಿತು. ನಾಲ್ಕನೆಯದಕ್ಕೆ ಕೂಡು ಎಳೆ ಬೆಂಡೆಕಾಯಿಯ ತುದಿ ಮುರಿದಂತೆ ಬಿಟ್ಟುಕೊಂಡಿತು. ಅಂಥ ದೊಡ್ಡ ಸದ್ದೇನೂ ಆಗಲಿಲ್ಲ. ಒಳಗೆ ಬೆಳ್ಳಗೆ ಹೊಳೆಯುವ, ಉಗುರಿನಷ್ಟು ತೆಳುವಾದ ಕಬ್ಬಿಣದ ಅಂಚು ಕಂಡಿತು. ಅದರ ಮೇಲೆ ಪುಟ್ಟಿ.

ನಮ್ಮವರ ಕೈ ತಾನಾಗಿ ಕುತ್ತಿಗೆಯ ಹಿಂಬದಿಗೆ ಹೋಯಿತು. ಅವರಿಗೆ ಅದು ಗೊತ್ತಾಗಲಿಲ್ಲ. ನನಗೆ ಕಂಡಿತು.

"ನಾನ ಹೇಳಿದ್ದು ಸಾಹೇಬ್ರ" ಎಂದೆ. "ಕೈಗಿ ಚುಚ್ತದ ಅಂದಿದ್ದೆ. ಅಂವ ಫೋನ್ ಮಾಡಿ ಕೇಳಿದ್ದ, ಸಾಫ್ ಮಾಡು ಅಂದೆ."

"ನೀ ಅಂತಿ, ಅಂವ ಕೇಳ್ತಾನ, ಅಕ್ಕ-ತಮ್ಮ ಅಂದ್ಮ್ಯಾಲ ಅದು ಇರೋದ" ಎಂದರು ಹಿರಿಯರು. "ಪೈಪಿಗಿ ಅದೆಲ್ಲಾ ಏನು ಗೊತ್ತು ಬೇಟಿ?"

ಅವರು ಇನ್ನೊಂದನ್ನೂ ತೋರಿಸಿದರು. ನನ್ನ ತಮ್ಮ ಬೆಲ್ಟುಗಳನ್ನು ಸೀಟಿನ ಹಿಂದೆ, ನೆಲದಲ್ಲಿ ಬೋಲ್ಟು ಹಾಕಿ ಬಿಗಿದಿದ್ದ. ಟ್ರೇಲರಿನ ಮೇಲೆ ಜೋಳದ ಚೀಲ ಬಿಗಿಯುವ ರೀತಿ ಅದು. ಕೆಳಕ್ಕೆ ಎಳೆದಷ್ಟೂ ಭದ್ರ. ಮನುಷ್ಯನನ್ನು ಹಾಗೆ ಕೆಳಕ್ಕೆ ಎಳೆದರೆ ಗುದ್ದಿದ ಹೊತ್ತಿಗೆ ಬೆನ್ನೆಲುಬು ಕುಗ್ಗುತ್ತದೆ. ಹೆಗಲ ಮಟ್ಟದಲ್ಲೇ ಹಿಂದಕ್ಕೆ ಹೋಗಬೇಕು, ಅದಕ್ಕೆ ಕಮಾನಿಗೆ ಅಡ್ಡವಾಗಿ ಇನ್ನೊಂದು ಪೈಪು ಬೇಕು. "ಇಂವ ಚೀಲ ಅಲ್ಲ, ಮನುಷ್ಯ ಇದ್ದಾನ" ಎಂದು ನಮ್ಮವರ ಹೆಗಲು ತಟ್ಟಿದರು.

ಎಲ್ಲ ಕತ್ತರಿಸಿ ತೆಗೆದು ಹೊಸದಾಗಿ ಮಾಡಬೇಕು. ಮಾಡುವ ಮೊದಲು ಅಂಥದೇ ಪೈಪಿನ ಮೂರು ತುಂಡು ಕೂಡಿಸಿ ತಂದು ತೋರಿಸಬೇಕು. ಇದು ಅವರ ತೀರ್ಪು.

ವಾಪಸು ಬರುವಾಗ ಲಾರಿಯ ಮುಂದಿನ ಸೀಟಿನಲ್ಲಿ ಡ್ರೈವರ್ ಪಕ್ಕ ನಾವು ಮೂವರೂ ಒತ್ತಿಕೊಂಡು ಕುಳಿತಿದ್ದೆವು. ಶಹಾಪುರ ಹತ್ತಿರವಾದಾಗ ತಮ್ಮ, "ಅಕ್ಕಾ, ನಿಮ್ಮನಿ ಜೋಕಾಲಿ ಹ್ಯಾಂಗದ?" ಎಂದ.

"ಚಲೋ ಅದ. ಯಾಕ?"

"ಅದನ್ನೂ ಹಿಂಗ ತಿಕ್ಕೀನಿ."

ಮನೆಗೆ ಬಂದವನೇ ಚಪ್ಪಲಿ ಕಳಚಿ ಪಡಸಾಲೆಗೆ ಹೋಗಿ, ಜೋಕಾಲಿಯ ಚೌಕಟ್ಟಿನ ಮೇಲ್ಗಡೆ ಕೈ ಹಾಕಿ ಜೋತುಬಿದ್ದ. ಎರಡೂ ಕಾಲು ಎತ್ತಿ, ಇಡೀ ಮೈ ಭಾರ ಬಿಟ್ಟು ಜಗ್ಗಿದ. ಅದು ಅಲ್ಲಾಡಲಿಲ್ಲ. ಮತ್ತೆ ಜಗ್ಗಿದ. ನನ್ನ ಮಕ್ಕಳಿಬ್ಬರೂ ಆ ಜೋಕಾಲಿಯಲ್ಲಿ ಆಡಿ ದೊಡ್ಡವರಾಗಿ, ಹಾಸ್ಟೆಲ್ಲಿಗೂ ಹೋಗಿಯಾಗಿತ್ತು. "ಸಾಕು ಬಿಡೋ" ಎಂದೆ. ಅವನು ಇಳಿದು, ನೀರು ಕುಡಿದು, ಊಟ ಮಾಡದೆ ಸುರಪುರದ ಬಸ್ಸು ಹತ್ತಿದ.

ಎರಡು ವಾರ ನನ್ನ ಫೋನ್ ಎತ್ತಲಿಲ್ಲ. ಆ ದಿನಗಳಲ್ಲಿ ನಮ್ಮವರ ಜೊತೆಗೂ ನಾನು ಹೆಚ್ಚು ಮಾತಾಡಲಿಲ್ಲ. ಮಾತಾಡಿದರೆ ಬೇಡ ಎಂಬ ಮಾತು ಬಾಯಿಂದ ಬಂದುಬಿಡುತ್ತದೆ ಎಂಬ ಹೆದರಿಕೆ ಇತ್ತು. ಹಾಗೆ ಅಂದರೆ ತಪ್ಪನ್ನೆಲ್ಲ ತಮ್ಮನ ತಲೆಗೆ ಕಟ್ಟಿದಂತಾಗುತ್ತಿತ್ತು. ಲ್ಯಾಬಿನಲ್ಲಿ ಗಾಜಿನ ಪಟ್ಟಿಯ ಮೇಲೆ ಹನಿ ರಕ್ತ ಸವರಿ ನೋಡುವಾಗ ಆ ಬೆಳ್ಳನೆಯ ಅಂಚೇ ಕಣ್ಣ ಮುಂದೆ ಬರುತ್ತಿತ್ತು. ಎಣಿಸಿದ್ದನ್ನೇ ಎರಡು ಸಲ ಎಣಿಸಿದೆ.

ಮೂರನೆಯ ವಾರ ತಮ್ಮನೇ ಮೂರು ತುಂಡು ಹಿಡಿದುಕೊಂಡು ಬಂದ, ಬಾಗಿಲಲ್ಲೇ ನಿಂತು "ಯಾದಗಿರಿಗಿ ಹೋಗೂನು ನಡೀರಿ ಮಾವಾ" ಎಂದ. ಲ್ಯಾಬಿಗೆ ರಜೆ ಹೇಳಿ ನಾನೂ ಹೋದೆ. ಹಿರಿಯರು ಬೇವಿನ ಗಿಡದ ಕೆಳಗಿನ ಕಲ್ಲಿನ ಮೇಲೆ ಒಂದೊಂದೇ ತುಂಡು ಇಟ್ಟು, ತಮ್ಮನ ಕೈಗೆ ದೊಡ್ಡ ಸುತ್ತಿಗೆ ಕೊಟ್ಟು, ಪೈಪು ಚಪ್ಪಟೆಯಾಗುವವರೆಗೆ ಹೊಡೆ ಎಂದರು. ಅವನು ಹೊಡೆದ. ಓಣಿಯ ಜನ ಬಂದು ನಿಂತರು. ಮೊದಲನೆಯ ತುಂಡು ಕೂಡಿನಲ್ಲೇ ಬಿರಿಯಿತು. ಹಿರಿಯರು ಅದನ್ನು ಬದಿಗೆ ಸರಿಸಿ, ಕರೆಂಟು ಕಡಿಮೆ ಇಟ್ಟಿದ್ದಿ ಎಂದಷ್ಟೇ ಹೇಳಿದರು. ಎರಡನೆಯದು ಬಿರಿಯಲಿಲ್ಲ. ಮೂರನೆಯದರ ಪೈಪು ಹಾಳೆಯಂತೆ ಮಡಚಿ ಹರಿಯಿತು. ಕೂಡಿದ ಜಾಗ ಮಾತ್ರ ಹಾಗೇ ಉಳಿಯಿತು. ನಾನು ಅದನ್ನು ಕೈಗೆತ್ತಿಕೊಂಡು ಎಲ್ಲ ಬದಿಯಿಂದಲೂ ನೋಡಿದೆ. ಬಿಸಿಯಾಗಿತ್ತು.

"ಇದನ್ನ ಹ್ಯಾಂಗ ಮಾಡ್ದಿ?" ಎಂದು ಹಿರಿಯರು ಕೇಳಿದರು.

"ಸಾವಕಾಶ ಮಾಡ್ದೆ ರೀ."

"ಎಲ್ಲಾನೂ ಹಂಗ ಮಾಡು. ಆಮ್ಯಾಲ ಕೈ ಕಟ್ಟಿಕೊಂಡು ನಿಂದ್ರು, ಗ್ರೈಂಡರ್ ಮುಟ್ಟಬ್ಯಾಡ."

ಎರಡನೆಯ ಪಂಜರಕ್ಕೆ ಹೆಚ್ಚು ದಿನ ಹಿಡಿಯಿತು. ನೆಲದ ಪ್ಲೇಟುಗಳನ್ನು ಮತ್ತೆ ಕಿತ್ತು, ಮತ್ತೆ ಇಳಿಸಿ, ಮತ್ತೆ ಎತ್ತಿ. ಬೇಸಿಗೆ ಬಂದಿತ್ತು. ಸುರಪುರದ ಆ ಶೆಡ್ಡಿನ ತಗಡಿನ ಕೆಳಗೆ ಮಧ್ಯಾಹ್ನ ನಿಲ್ಲಲು ಆಗುತ್ತಿರಲಿಲ್ಲ. ಮೂವರಿಗೂ ಉತ್ಸಾಹ ಹೋಗಿತ್ತು. ಶುರು ಮಾಡಿದ್ದನ್ನು ಮುಗಿಸಬೇಕು ಎಂಬುದೊಂದೇ ಉಳಿದಿತ್ತು. ಈ ಸಲ ಪ್ರತಿ ಕೂಡಿನ ಮೇಲೂ ವೆಲ್ಡಿಂಗ್ ಬಿಗಿಯಾಗಿ ಹೆಣೆದ ಜಡೆಯಂತೆ ಎದ್ದು ಕಾಣುತ್ತಿತ್ತು. ಬೆಲ್ಟಿಗೆ ಅಡ್ಡ ಪೈಪು ಬಂತು. ತಲೆ ತಾಕುವ ಕಡೆಗಳಿಗೆಲ್ಲ ಎ.ಸಿ. ಪೈಪಿಗೆ ಸುತ್ತುವ ಕಪ್ಪು ಫೋಮು ಸಾಕೆಂದು ನಮ್ಮವರು ತಂದಿದ್ದರು. ಅದು ಮೆತ್ತಗಾಯಿತೆಂದು ಹಿರಿಯರು ಗಟ್ಟಿಯದನ್ನು ತರಿಸಿಕೊಟ್ಟರು.

ನಮ್ಮವ್ವ ಬಂದು ನೋಡಿದಳು. "ಇದೇನಪಾ, ಹುಣ್ಣ ಎದ್ದಂಗ ಎದ್ದಾವ! ಬೀಗರ ಮನಿಗಿ ಹಿಂಗ ಕಳಸ್ತಿ? ಆಡಿಕೊಳ್ಳಂಗಿಲ್ಲೇನು ಮಂದಿ?"

"ಆಡಿಕೊಳ್ಳಲಿ ಬಿಡವ್ವಾ" ಎಂದ ತಮ್ಮ. "ಬೀಗರು ಜೀವಂತ ಇದ್ರ ತಾನ ಆಡಿಕೊಳ್ಳೋದು?"

ಅವಳಿಗೆ ಸಿಟ್ಟು ಬಂತು, ಕೆಟ್ಟ ಮಾತಾಡಬ್ಯಾಡ ಎಂದು ಬೈದಳು. ನನಗೆ ಎಷ್ಟೋ ದಿನಗಳ ಮೇಲೆ ನಗು ಬಂತು.

ಹಿರಿಯರು ಟಾರ್ಚ್ ಹಿಡಿದು ಮತ್ತೆ ನೋಡಿದರು. ಈ ಸಲ ಪ್ರತಿ ಕೂಡಿನ ಮೇಲೂ ಹೆಬ್ಬೆರಳಿಟ್ಟು, ಒಂದೊಂದಕ್ಕೂ ಒಂದು ಸೀಮೆಸುಣ್ಣದ ಗೆರೆ ಎಳೆದರು.

ಕಡೇಚೂರಿನ ಆ ಜಾಗ ಮರವಿಲ್ಲದ ಬಯಲು. ದೂರದಲ್ಲಿ ಕಾರ್ಖಾನೆಗಳ ಚಿಮಣಿ. ಮುಂಜಾನೆಯೇ ಬಿಸಿಲು ಹತ್ತಿತ್ತು. ಹತ್ತೋ ಹನ್ನೆರಡೋ ಹಳೇ ಕಾರುಗಳು ಸಾಲಾಗಿ ನಿಂತಿದ್ದವು. ನಮ್ಮದರ ಸರದಿ ಬಂದಾಗ ನಮ್ಮವರು ಹೆಲ್ಮೆಟ್ ಹಾಕಿಕೊಂಡು ಪೈಪುಗಳ ನಡುವೆ ತೂರಿ ಕುಳಿತರು. ಹೆಗಲ ಬೆಲ್ಟುಗಳನ್ನು ಕುಳಿತವರು ತಾವೇ ಪೂರ್ತಿ ಬಿಗಿದುಕೊಳ್ಳಲು ಆಗುವುದಿಲ್ಲ. ಇನ್ನೊಬ್ಬರು ಎಳೆಯಬೇಕು. ನಾನು ಬಗ್ಗಿ ಎಳೆದೆ. ಮೊದಲು ಸೊಂಟದ್ದು, ಆಮೇಲೆ ಎಡ ಹೆಗಲು, ಆಮೇಲೆ ಬಲ. ಬಕಲ್ ಕೂತ ಸದ್ದು ಕೇಳುವವರೆಗೆ ಕೈ ಬಿಡಲಿಲ್ಲ.

"ಉಸರಾಡಾಕ ಆಗವಲ್ದು ನನಗ" ಎಂದರು.

"ಮಾತಾಡಾಕ ಆಗ್ಲಿಕತ್ತದಲ್ಲ" ಎಂದು ಇನ್ನೊಂದು ಬೆರಳಿನಷ್ಟು ಎಳೆದೆ.

ಕಾರು ಹೋಯಿತು. ಎರಡನೆಯ ತಿರುವಿನಲ್ಲಿ ಒಳಗಡೆಯ ಗಾಲಿಗಳು ನೆಲ ಬಿಟ್ಟವು. ಎಷ್ಟು ಬಿಟ್ಟವು ಎಂದು ಹೇಳಬಲ್ಲೆ: ಗಾಲಿಯ ಕೆಳಗೆ ಟ್ರ್ಯಾಕಿನ ಆಚೆ ಅಂಚಿನ ಬಿಳಿ ಕಲ್ಲು ಕಂಡಿತು. ಪಕ್ಕದಲ್ಲಿದ್ದ ತಮ್ಮ ಮುಖ ಆಚೆ ತಿರುಗಿಸಿದ. ನಾನು ತಿರುಗಿಸಲಿಲ್ಲ. ಗಾಲಿಗಳು ಮರಳಿ ನೆಲಕ್ಕೆ ಬಂದವು, ಧೂಳು ಎದ್ದಿತು, ಧೂಳಿನ ಆಚೆಯಿಂದ ಕಾರು ಹೊರಬಂತು.

ಎರಡನೆಯ ಸುತ್ತಿಗೆ ಕರೆದರು. ನಮ್ಮವರು ಕಿಟಕಿಯಿಂದ ನನ್ನ ಮುಖ ನೋಡಿದರು. ಕೈಯೆತ್ತಿ ಬೇಡ ಎಂದಿದ್ದರೆ ಆಗಲೂ ಇಳಿಯುತ್ತಿದ್ದರು. ನಾನು ಹೋಗಿ ಮತ್ತೆ ಬೆಲ್ಟು ಮುಟ್ಟಿ ನೋಡಿದೆ. ಸಡಿಲಾಗಿರಲಿಲ್ಲ. ಕತ್ತೆತ್ತಿ ಮೇಲಿನ ಕೂಡು ನೋಡಿದೆ. ಸೀಮೆಸುಣ್ಣದ ಗೆರೆ ಬಿರುಕಿಲ್ಲದೆ ಹಾಗೇ ಇತ್ತು.

"ಹೋಗ್ರಿ" ಎಂದೆ.

ನಮ್ಮ ಮಿನಿ ಲಾರಿಯ ನೆರಳಿಗೆ ಹೋಗಿ, ಗಾಲಿಗೆ ಬೆನ್ನು ಕೊಟ್ಟು ಕುಳಿತೆ. ಇಂಜಿನ್ನಿನ ಸದ್ದು ದೂರ ಹೋಗುವುದು ಕೇಳಿಸಿತು. ಮೊದಲ ತಿರುವು ಎಂದುಕೊಂಡೆ. ಎರಡನೆಯ ತಿರುವಿಗೆ ಎದ್ದು ನೋಡಬೇಕು ಎಂದುಕೊಂಡದ್ದು ನೆನಪಿದೆ.

"ಅಕ್ಕಾ. ಏ ಅಕ್ಕಾ, ಏಳು."

ಕಣ್ಣು ಬಿಟ್ಟೆ. ತಮ್ಮ ಬಗ್ಗಿ ನಿಂತಿದ್ದ. ನೆರಳು ಸರಿದು ಬಿಸಿಲು ನನ್ನ ಕಾಲ ಮೇಲೆ ಬಂದಿತ್ತು.

"ಏನಾತು?"

"ಏನೂ ಆಗಿಲ್ಲ. ಮೂರು ಸುತ್ತು ಮುಗಿಸಿ ಬಂದಾರ ಮಾವ. ನೀ ಕುಂತಲ್ಲೇ ನಿದ್ದಿ ಹೊಡದಿ, ಗೊರಕಿ ಬ್ಯಾರೆ."

"ಸುಳ್ಳ ಹೇಳಬ್ಯಾಡ."

"ಮಾವಗ ಕೇಳು."

ನಮ್ಮವರು ಹೆಲ್ಮೆಟ್ ಕೈಯಲ್ಲಿ ಹಿಡಿದು ಬಾಗಿಲಿಗೆ ಒರಗಿ ನೀರು ಕುಡಿಯುತ್ತಿದ್ದರು. ಮುಖವೆಲ್ಲ ಕೆಂಪು ಧೂಳು. ಅವರು ಓಡಿಸಿದ ಎರಡು ಸುತ್ತು ನಾನು ನೋಡಲಿಲ್ಲ, ಅದರ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ. ಸೀರೆಗಂಟಿದ ಮಣ್ಣು ಕೊಡವಿಕೊಂಡು ಎದ್ದೆ. ಕಾರನ್ನು ಲಾರಿಗೆ ಹತ್ತಿಸಬೇಕಿತ್ತು. ತಮ್ಮ ಹಗ್ಗದ ಒಂದು ತುದಿ ನನ್ನ ಕೈಗೆ ಕೊಟ್ಟು, "ಜಗ್ಗು" ಎಂದ.